ಬೋಟಿನ ಮೂತಿಯಲ್ಲಿ ಉಚ್ಚೆ ಹೊಯ್ದವನು ನಾನು

ಇಂಥದ್ದನ್ನೆಲ್ಲ ಬರೆಯುವುದು ಮರ್ಯಾದೆಯಲ್ಲ ಎಂದು ನಮ್ಮ ಕೇರಿಯ ಇಬ್ಬರು ಹಿರಿಯರು ಮನೆಗೇ ಬಂದು ಹೇಳಿ ಹೋದರು. ಅಷ್ಟು ಹೇಳಿ ಮುಗಿಸುವುದರೊಳಗೆ ಅವರಲ್ಲೊಬ್ಬರು ಎರಡು ಸಲ ನಮ್ಮ ಹಿತ್ತಲಿಗೆ ಹೋಗಿ ಬಂದರು. ಹಾಗಾಗಿ ಬರೆಯುತ್ತೇನೆ.

ನಾನು ಮಾವಳ್ಳಿಯವನು. ಎಸ್ಸೆಸ್ಸೆಲ್ಸಿ ಪಾಸಾಗಿ, ನೌಕರಿ ಸಿಗದೆ, ಸಮುದ್ರಕ್ಕೆ ಇಳಿದೆ. ಹೊನ್ನಾವರ ಬಂದರದ ಒಂದು ಪರ್ಸಿನ್ ಬೋಟಿನಲ್ಲಿ, ಎಂದರೆ ಮೀನಿನ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ದೊಡ್ಡ ಬಲೆಯ ಬೋಟಿನಲ್ಲಿ, ಹದಿನಾರು ವರ್ಷ ತಾಂಡೇಲನಾಗಿದ್ದೆ. ಬೋಟು ಎಲ್ಲಿಗೆ ಹೋಗಬೇಕು, ಬಲೆ ಯಾವಾಗ ಬೀಳಬೇಕು, ಯಾರು ಯಾವ ಕೆಲಸ ಮಾಡಬೇಕು, ಎಲ್ಲವನ್ನೂ ಹೇಳುವವನು ತಾಂಡೇಲ. ನೀರಿನ ಮೇಲೆ ಅವನ ಮಾತಿಗೆ ಎದುರು ಮಾತಿಲ್ಲ. ನಾನು ಮಾಡಿದ ಪಾಪಕ್ಕೆ ಇದೇ ಅನುಕೂಲವಾಯಿತು.

ತಾಂಡೇಲ ನಿಲ್ಲುವುದು ಬೋಟಿನ ತೀರ ಮುಂದೆ, ನಾವು ಮೂತಿ ಎನ್ನುವ ಜಾಗದಲ್ಲಿ. ಬಂಗಡೆಯ ಹಿಂಡು ಮೇಲೆ ಬಂದಾಗ ನೀರಿನ ಬಣ್ಣ ಸ್ವಲ್ಪ ಕಪ್ಪಾಗುತ್ತದೆ. ಅದನ್ನು ಮೊದಲು ಕಾಣಬೇಕಾದವನು ಅವನು. ಎಂಜಿನ್ನಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಎಡಗೈಯನ್ನು ಮೇಲೆತ್ತಿ ಹಿಂಡು ಹೋಗುವ ದಿಕ್ಕನ್ನು ತೋರಿಸುತ್ತ ನಿಲ್ಲಬೇಕು. ಡ್ರೈವರ ಆ ಕೈಯನ್ನೇ ನೋಡಿ ಬೋಟು ತಿರುಗಿಸುತ್ತಾನೆ. ಹಿಂದೆ ಬಲೆಯ ಪಕ್ಕ ಸಾಲಾಗಿ ನಿಂತ ಇಪ್ಪತ್ತೈದು ಕಲಾಸಿಗಳೂ, ಎಂದರೆ ಬಲೆಯ ಆಳುಗಳೂ, ಆ ಕೈಯನ್ನೇ ನೋಡುತ್ತಾರೆ. ಕೈ ಕೆಳಗೆ ಬಿತ್ತು ಅಂದರೆ ಬಲೆ ನೀರಿಗೆ ಬೀಳಬೇಕು. ಅಲ್ಲಿಯವರೆಗೆ ತಾಂಡೇಲ ಜಾಗ ಬಿಡುವಂತಿಲ್ಲ, ಹಿಂದೆ ತಿರುಗುವಂತಿಲ್ಲ.

ಅದೇ ಮೂತಿಯಲ್ಲಿ ದೇವರ ಜಾಗವೂ ಇದೆ. ಪ್ರತಿದಿನ ದಾಸವಾಳ, ಕುಂಕುಮ, ಊದುಬತ್ತಿ. ಅಲ್ಲಿ ಚಪ್ಪಲಿ ಹಾಕುವುದಿಲ್ಲ, ಉಗುಳುವುದಿಲ್ಲ. ಒಂದಕ್ಕೆ ಹೋಗುವವರು ಬೋಟಿನ ಹಿಂಭಾಗಕ್ಕೆ ಹೋಗಿ, ಹಗ್ಗ ಹಿಡಿದು, ನೀರಿಗೆ ಬಿಡಬೇಕು. ಸಣ್ಣಂದಿನಿಂದ ಬೋಟು ಹತ್ತಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ತೊಂಬತ್ತರ ದಶಕದ ಕೊನೆಗೆ ನನಗೆ ಐವತ್ತೈದರ ಹತ್ತಿರ. ಉಚ್ಚೆಯ ತೊಂದರೆ ಶುರುವಾಗಿತ್ತು. ಬಂದರೆ ತಡೆಯಲಾಗದು, ಹೋಗಿ ನಿಂತರೆ ಬಾರದು. ಬಂದದ್ದೂ ನೂಲಿನ ಹಾಗೆ, ಕಾಲಬುಡಕ್ಕೇ. ಯಾರಿಗೂ ಹೇಳಲಿಲ್ಲ. ಇದಕ್ಕೆ ನಾನೇ ಒಂದು ಔಷಧ ಕಂಡುಹಿಡಿದಿದ್ದೆ: ನೀರು ಕುಡಿಯದಿರುವುದು. ಬಿಸಿಲಲ್ಲಿ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡರೂ ಕುಡಿಯುತ್ತಿರಲಿಲ್ಲ. ತಾಂಡೇಲ ಹತ್ತು ಸಲ ಹಿಂದಕ್ಕೆ ಓಡಿದರೆ ಆಳುಗಳು ನಗುತ್ತಾರೆ ಎಂಬ ಭಯ.

ನಗುವುದಕ್ಕೆ ಅವರಿಗೆ ಬೇರೊಬ್ಬರು ಸಿಕ್ಕಿದ್ದರು. ನನ್ನ ಹೆಂಡತಿಯ ಅಣ್ಣ, ಹಿರೇಗುತ್ತಿಯವರು, ನಮ್ಮ ಬೋಟಿನಲ್ಲೇ ಕಲಾಸಿ. ನನಗಿಂತ ಆರು ವರ್ಷ ದೊಡ್ಡವರು. ಹಿಂಡು ನೋಡುವುದನ್ನು ನನಗೆ ಕಲಿಸಿದವರೂ ಅವರೇ. ಓದು ಬಾರದ್ದರಿಂದ ಅವರು ತಾಂಡೇಲರಾಗಲಿಲ್ಲ, ಕಾಗದಪತ್ರ ನೋಡಬಲ್ಲ ನಾನು ಆದೆ. ಅವರಿಗೂ ನನ್ನದೇ ತೊಂದರೆ. ಆದರೆ ಅವರು ಅದನ್ನು ಮುಚ್ಚಿಡುತ್ತಿರಲಿಲ್ಲ.

"ಅಣ್ಣನ ಪಂಪು ಶುರುವಾತು, ದಾರಿ ಬಿಡ್ರೋ!" ಎಂದು ಹುಡುಗರು ಕೂಗುವರು.

"ನಗಾಡಿ, ನಗಾಡಿ. ನಿಮ್ಮ ಪಂಪಿಗೂ ತುಕ್ಕು ಹಿಡೀತದೆ" ಎನ್ನುತ್ತ ಅವರು ಹಗ್ಗ ಹಿಡಿದು ನಿಲ್ಲುವರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ನಾನು.

ಮಳೆಗಾಲ ಮುಗಿದು ಬೋಟುಗಳು ನೀರಿಗೆ ಇಳಿದು ತಿಂಗಳಾಗಿತ್ತು. ಸಮುದ್ರದೊಳಗಿನ ನೇತ್ರಾಣಿ ಗುಡ್ಡಕ್ಕೂ ದಡಕ್ಕೂ ನಡುವೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಒಳ್ಳೆಯ ಹಿಂಡು ಕಂಡಿತು. ಸಮುದ್ರ ಎಣ್ಣೆಯ ಹಾಗೆ ಮಲಗಿತ್ತು. ಆಗಷ್ಟೇ ಭಾವ ಮೂತಿಗೆ ಬಂದು ಅಲ್ಲಿದ್ದ ಒಂದು ಸುತ್ತು ಹಗ್ಗ ತೆಗೆದುಕೊಂಡು ಹಿಂದೆ ಹೋಗಿದ್ದರು. ನಾನು ಕೈ ಎತ್ತಿದೆ. ಹಿಂಡು ತಿರುಗಿತು, ನಾವೂ ತಿರುಗಿದೆವು. ಮತ್ತೆ ತಿರುಗಿತು. ಕಾಲು ಗಂಟೆಯಾದರೂ ಕೈ ಇಳಿಸುವ ಹಾಗಿಲ್ಲ. ಅಷ್ಟರಲ್ಲಿ ಬಂತು. ಹಲ್ಲು ಕಚ್ಚಿದೆ, ತೊಡೆ ಒತ್ತಿ ಹಿಡಿದೆ. ಆಗಲಿಲ್ಲ. ಎಡಗೈ ಮೇಲೆಯೇ ಇತ್ತು. ಬಲಗೈಯಿಂದ ಲುಂಗಿ ಎತ್ತಿದೆ.

ಇಪ್ಪತ್ತೈದು ಜನ ನನ್ನ ಬೆನ್ನ ಹಿಂದಿದ್ದರು. ಎಲ್ಲರ ಕಣ್ಣೂ ಎತ್ತಿದ ಕೈಯ ಮೇಲೆ. ಒಬ್ಬನಿಗೂ ಗೊತ್ತಾಗಲಿಲ್ಲ. ವಯಸ್ಸಿನವನಾಗಿದ್ದರೆ ಧಾರೆ ಅಂಚು ದಾಟಿ ಸಮುದ್ರಕ್ಕೆ ಬೀಳುತ್ತಿತ್ತು. ನನ್ನದು ದಾಟಲಿಲ್ಲ. ಬೆಳಿಗ್ಗೆ ಇಟ್ಟ ದಾಸವಾಳದ ಮೇಲೇ ತೊಟ್ಟಿಕ್ಕಿತು.

ಲುಂಗಿ ಸರಿಮಾಡಿ ಕೈ ಇಳಿಸಿದೆ. ಬಲೆ ಬಿತ್ತು. ಅಲ್ಲಿ ನೀರಿನಡಿ ಒಂದು ಕಲ್ಲಿದೆ. ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಆ ಹೊತ್ತಿಗೆ ನನ್ನ ಲಕ್ಷ್ಯವೆಲ್ಲ ಲುಂಗಿಯ ಮೇಲೆ. ಬಲೆ ಕಲ್ಲಿಗೆ ಸಿಕ್ಕಿ ಉದ್ದಕ್ಕೆ ಹರಿಯಿತು. ಹಿಂಡು ನಮ್ಮ ಕಣ್ಣೆದುರೇ ಹೊರಟುಹೋಯಿತು.

ಕಲಾಸಿಗಳಲ್ಲಿ ಆಗತಾನೆ ಮದುವೆಯಾದವನೊಬ್ಬ ಇದ್ದ. ತುಂಬ ಭಕ್ತಿಯವನು. ದೇವರಿಗೆ ಕೈಮುಗಿದು ಬರುತ್ತೇನೆಂದು ಮೂತಿಗೆ ಹೋದವನು ಅಲ್ಲೇ ಕೂಗಿದ: "ಥೂ! ಯಾರೋ ಇಲ್ಲಿ ಉಚ್ಚೆ ಹೊಯ್ದಿದ್ರಪ್ಪಾ! ಹೂವಿನ ಮೇಲೇ ಹೊಯ್ದಿದ್ರು! ಬಲೆ ಹರೀದೆ ಎಂತ ಆಗ್ತದೆ?"

ಎಲ್ಲರೂ ಎದ್ದು ಬಂದರು. ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಸಂಶಯದಿಂದಲ್ಲ, ತೀರ್ಪು ಹೇಳಬೇಕಾದವನು ನಾನು ಎಂದು. ಆಗ ಸುಮ್ಮನಿದ್ದಿದ್ದರೂ ಸಾಕಿತ್ತು. ನಾನು ಹೇಳಿದೆ: "ಭಾವ ಆಗ ಹಗ್ಗ ತಕಂಬೂಕೆ ಇಲ್ಲಿ ಬಂದಿದ್ರು. ವಯಸ್ಸಾತು. ತಡ್ಕಂಬೂಕೆ ಆಗಿಲ್ಲ ಕಾಣ್ತದೆ."

ಭಾವ ಜನರ ಹಿಂದೆ ನಿಂತಿದ್ದರು. "ನಾನಾ?" ಎಂದರು. ನನ್ನ ಹತ್ತಿರ ಬಂದು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನೀನೇ ಹೇಳು, ನಾನಾ?" ಎಂದರು.

"ಮತ್ಯಾರು?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ಆತು" ಎಂದರು ಅವರು. ಅಷ್ಟೇ. ಬಂದರಕ್ಕೆ ಬರುವವರೆಗೂ ಹರಿದ ಬಲೆಯ ಮೇಲೆ ಕೂತಿದ್ದರು. ಮರುದಿನ ಬೆಳಿಗ್ಗೆ ಬರಲಿಲ್ಲ. ಬಂದಿದ್ದರೂ ಕಲಾಸಿಗಳು ಹತ್ತಗೊಡುತ್ತಿರಲಿಲ್ಲ. ಬಂದರದ ಸುದ್ದಿ ಬಸ್ಸಿಗಿಂತ ಜೋರು. ಭಟ್ಕಳದಿಂದ ತದಡಿಯವರೆಗೆ ಅವರಿಗೆ 'ಮೂತಿಗೆ ಹೊಯ್ದವ' ಎಂದೇ ಹೆಸರು ಬಿತ್ತು. ಯಾವ ತಾಂಡೇಲನೂ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಅರವತ್ತೊಂದರಲ್ಲೂ ಕಬ್ಬಿಣದಂತಿದ್ದ ಮನುಷ್ಯ ಮನೆಯ ಜಗುಲಿಯಲ್ಲಿ ಕೂತು ಬೇರೆಯವರ ಬಲೆಯ ತೂತು ಹೊಲಿಯತೊಡಗಿದರು.

ಮನೆಗೆ ಬಂದು ಹೆಂಡತಿಗೂ ಅದೇ ಸುಳ್ಳು ಹೇಳಿದೆ. ಅವಳು ನಂಬಿದಳು. ಹಿರೇಗುತ್ತಿಗೆ ಹೋಗಿ, "ಅಣ್ಣಾ, ಆದದ್ದು ಆತು. ತಪ್ಪು ಒಪ್ಕಂಡು ದೇವ್ರಿಗೆ ಒಂದು ಕಾಯಿ ಒಡೆಸು" ಎಂದಳಂತೆ. ಅಣ್ಣ ಸೂಜಿ ಕೆಳಗಿಟ್ಟು ಒಳಗೆ ಹೋದರಂತೆ. ಆಮೇಲೆ ಅಣ್ಣ ತಂಗಿ ಮಾತಾಡಲಿಲ್ಲ. ಹತ್ತು ವರ್ಷ.

ಆ ಹತ್ತು ವರ್ಷದಲ್ಲಿ ನನ್ನ ರೋಗ ಸುಮ್ಮನಿರಲಿಲ್ಲ. ಬೋಟು ಬಿಟ್ಟೆ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಬಿಟ್ಟು ಕೂರುತ್ತಿರಲಿಲ್ಲ. ಭಟ್ಕಳದ ಡಾಕ್ಟರೊಬ್ಬರು ಗುಳಿಗೆ ಕೊಟ್ಟರು, ಒಂದಷ್ಟು ಕಾಲ ನಡೆಯಿತು. ಕೊನೆಗೆ ಕುಮಟೆಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಾಗ ಪೂರ್ತಿ ಕಟ್ಟಿಕೊಂಡಿತು. ಎಲೆಯ ಮೇಲೆ ಪಾಯಸ ಬಿದ್ದಿತ್ತು, ನಾನು ಹೊಟ್ಟೆ ಹಿಡಿದು ಕೂಗುತ್ತಿದ್ದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಪೈಪು ಹಾಕಿಸಿದರು. ಚೀಲ ತುಂಬುವುದನ್ನು ನೋಡಿ ಅತ್ತೆ. ಸುಖಕ್ಕೆ ಅತ್ತದ್ದು.

ಅಲ್ಲಿಯವರೇ ಮಂಗಳೂರಿಗೆ ಹೋಗಿ ಎಂದರು. ಮುರ್ಡೇಶ್ವರ ಸ್ಟೇಷನ್ನಿನಲ್ಲಿ ಹೆಂಡತಿಯೊಡನೆ ರೈಲು ಹತ್ತಿದೆ. ಪೈಪು, ಚೀಲ ಎಲ್ಲ ಲುಂಗಿಯೊಳಗೆ.

ಅಲ್ಲಿನ ಡಾಕ್ಟರು ನನ್ನ ಮಗನ ವಯಸ್ಸಿನವರು. ಪ್ರೊಸ್ಟೇಟ್ ಎಂಬ ಗ್ರಂಥಿ ಗಂಡಸರೆಲ್ಲರಿಗೂ ಇರುತ್ತದೆ, ಉಚ್ಚೆಯ ದಾರಿಯ ಸುತ್ತ ಇರುತ್ತದೆ, ವಯಸ್ಸಾದಂತೆ ದಪ್ಪಗಾಗಿ ದಾರಿಯನ್ನು ಒತ್ತುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಹೊಟ್ಟೆ ಕೊಯ್ಯುವುದಿಲ್ಲ. ಉಚ್ಚೆಯ ದಾರಿಯಲ್ಲೇ ತೆಳ್ಳಗಿನ ಕೊಳವೆ ಒಳಗೆ ಹೋಗುತ್ತದೆ. ಅದರೊಳಗಿಂದ ಲೇಸರ್ ಕಿರಣ ಬಿಟ್ಟು, ಚಿಪ್ಪಿನಿಂದ ಕೊಬ್ಬರಿ ಎಬ್ಬಿಸಿದ ಹಾಗೆ, ಬೆಳೆದದ್ದನ್ನು ಎಬ್ಬಿಸಿ ತೆಗೆಯುತ್ತಾರೆ.

"ಗಂಡಸ್ತನ ಹೋಗ್ತದಂಬ್ರಲ್ಲ?" ಎಂದು ಕೇಳಿದೆ. ಹೆಂಡತಿ ಗೋಡೆ ನೋಡಿದಳು.

"ಸಾಮಾನ್ಯವಾಗಿ ಹೋಗೋದಿಲ್ಲ. ವೀರ್ಯ ಹೊರಗೆ ಬರೋ ಬದಲು ಹಿಂದಕ್ಕೆ ಮೂತ್ರಚೀಲಕ್ಕೆ ಹೋಗಬಹುದು. ಮಕ್ಕಳು ಬೇಕು ಅಂತಿದ್ದರೆ ಈಗಲೇ ಹೇಳಿ ಅಜ್ಜ."

"ಇದ್ದ ಮೂರೇ ಸಾಕು ಡಾಕ್ಟ್ರೇ, ಬೇಗ ತೆಗೀರಿ" ಎಂದವಳು ನನ್ನ ಹೆಂಡತಿ.

ಸೊಂಟಕ್ಕೆ ಸೂಜಿ ಕೊಟ್ಟರು. ಕಾಲು ಯಾರದ್ದೋ ಆಯಿತು. ಪರದೆಯ ಆಚೆ ಡಾಕ್ಟರು ಟಿ.ವಿ. ನೋಡುತ್ತ ಕೆಲಸ ಮಾಡುತ್ತಿದ್ದರು. ಎರಡನೆಯ ದಿನ ಪೈಪು ತೆಗೆದರು. ಸಂಡಾಸಿಗೆ ಹೋಗಿ ನಿಂತೆ. ಮೊದಲು ಉರಿ. ಆಮೇಲೆ ಧಾರೆ ಬಂತು. ತಿಳಿಗೆಂಪು ಬಣ್ಣದ ಧಾರೆ ಎದುರಿನ ಬಿಳಿ ಗೋಡೆಗೆ ಹೋಗಿ ಬಡಿಯಿತು. ಸದ್ದು ಕೇಳಿ ನಾನೇ ಬೆಚ್ಚಿದೆ.

ಅಲ್ಲೇ ನಿಂತು ಯೋಚಿಸಿದೆ: ಅಂದು ಇಷ್ಟು ಧಾರೆ ಇದ್ದಿದ್ದರೆ ಅದು ಸಮುದ್ರಕ್ಕೆ ಬೀಳುತ್ತಿತ್ತು, ಭಾವ ಬೋಟಿನಲ್ಲೇ ಇರುತ್ತಿದ್ದರು. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಭಾವನನ್ನು ಬೋಟಿನಿಂದ ಇಳಿಸಿದ್ದು ನನ್ನ ಪ್ರೊಸ್ಟೇಟ್ ಅಲ್ಲ. ನನ್ನ ಬಾಯಿ.

ಭಾವನ ಸುದ್ದಿ ನಮಗೆ ಬೇರೆಯವರ ಬಾಯಿಂದ ಬರುತ್ತಿತ್ತು. ಅವರಿಗೆ ಹೃದಯದ ತೊಂದರೆಯಾಗಿ ರಕ್ತ ತೆಳ್ಳಗಾಗುವ ಗುಳಿಗೆ ಶುರುವಾಗಿತ್ತು. ಉಚ್ಚೆಯೂ ಕಟ್ಟಿಕೊಂಡಿತ್ತು. ಆ ಗುಳಿಗೆ ತಿನ್ನುವವರಿಗೆ ಆಪರೇಶನ್ ಮಾಡಿದರೆ ರಕ್ತ ನಿಲ್ಲುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಒಂದೂವರೆ ವರ್ಷದಿಂದ ಪೈಪು ಹಾಕಿಕೊಂಡೇ ಇದ್ದರು. ತಿಂಗಳಿಗೊಮ್ಮೆ ಬದಲಿಸುವುದು, ಆಗಾಗ ಚಳಿಜ್ವರ. ಮನೆಗೆ ಹೋಗುವ ದಿನ ಡಾಕ್ಟರನ್ನು ಕೇಳಿದೆ.

"ಲೇಸರ್‌ನಲ್ಲಿ ರಕ್ತ ಹೋಗೋದು ಕಡಿಮೆ. ಅಂಥವರಿಗೂ ಮಾಡ್ತೇವೆ. ಹೃದಯದ ಡಾಕ್ಟರ ಒಪ್ಪಿಗೆ ಬೇಕು. ನೋಡದೆ ಭರವಸೆ ಕೊಡೋದಿಲ್ಲ, ಕರಕೊಂಡು ಬನ್ನಿ" ಎಂದರು. "ಪೈಪು ಬಹಳ ದಿನ ಇಟ್ಟುಕೊಂಡರೆ ಕಿಡ್ನಿಗೆ ಒಳ್ಳೇದಲ್ಲ" ಎಂದೂ ಹೇಳಿದರು.

ಹೆಂಡತಿ ಮಾನ ಬಿಟ್ಟು ಹಿರೇಗುತ್ತಿಗೆ ಹೋದಳು. ಸಂಜೆಗೆ ಹಿಂದೆ ಬಂದಳು. "ಬರೂದಿಲ್ಲ ಅಂದ. 'ನಿನ್ನ ಗಂಡನ ಮಾತಿಗೆ ಒಮ್ಮೆ ಬೋಟು ಇಳ್ದೆ. ಈಗ ಅವನ ಮಾತಿಗೆ ಆಪರೇಶನ್ ಮೇಜು ಹತ್ತೂದಾ?' ಅಂದ. ಎಂತ ಹಾಗಂದ್ರೆ?"

ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದೆ. ಎತ್ತಿದ ಕೈ, ಲುಂಗಿ, ಹೂವು. ಅವಳು ಒಲೆಯ ಮೇಲಿನ ಸಾರು ಇಳಿಸಿದಳು.

"ಹತ್ತು ವರ್ಷ ನಮ್ಮ ಅಣ್ಣನ ಮುಖ ಕಾಣಲಿಲ್ಲ ನಾನು" ಎಂದಳು. "ನಿಮ್ಮ ಉಚ್ಚೆಗೆ."

"ತಪ್ಪಾತು."

"ನಂಗೆ ಹೇಳಿ ಎಂತ ಆಗೂಕಿದ್ದು? ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲೇ ಹೋಗಿ ಹೇಳಿ. ಅಲ್ಲಿವರೆಗೆ ನಾನು ಊಟಕ್ಕೆ ಕರೀತೆ ಅಂತ ಕಾಯ್ಬೇಡಿ."

ಮರುದಿನವೇ ಹೊನ್ನಾವರ ಬಂದರಕ್ಕೆ ಹೋದೆ. ಆಪರೇಶನ್ ಆಗಿ ಮೂರು ವಾರವಾಗಿತ್ತು. ಕೆಮ್ಮಿದರೆ ಇನ್ನೂ ಎರಡು ಹನಿ ಸೋರುತ್ತಿತ್ತು. ನನ್ನ ಹಳೆಯ ಬೋಟು ಮೀನು ಇಳಿಸಿ ನಿಂತಿತ್ತು. ಅಂದು ಮೂತಿಯಲ್ಲಿ ಕೂಗಿದ ಆ ಭಕ್ತನೇ ಈಗ ತಾಂಡೇಲ. ಹಳಬರು ಏಳೆಂಟು ಮಂದಿ ಇದ್ದರು, ಉಳಿದವರು ಹೊಸಬರು. ನಿಂತುಕೊಂಡೇ ಹೇಳಿದೆ. "ಆ ದಿನ ಮೂತಿಗೆ ಹೊಯ್ದವ ನಾನು. ನಮ್ಮ ಭಾವ ಅಲ್ಲ. ಬಲೆ ಹರಿದದ್ದು ದೇವ್ರ ಸಿಟ್ಟಿಂದಲ್ಲ, ಕಲ್ಲು ನೋಡದೇ ನಾ ಕೈ ಇಳಿಸಿದ್ದಕ್ಕೆ."

ಹಳಬರಲ್ಲೊಬ್ಬ, "ಹತ್ತು ವರ್ಷ ಹಿಡ್ಕಂಡಿದ್ರಾ ಮಾರಾಯ್ರೆ? ಅದಕೇ ಕಟ್ಕಂಡದ್ದು!" ಎಂದ. ಬಂದರವೇ ನಕ್ಕಿತು. ನಗಲಿ ಎಂದು ನಿಂತೆ. ಯಾವ ನಗುವಿಗೆ ಹೆದರಿ ಒಬ್ಬ ಮನುಷ್ಯನ ಅನ್ನ ಕಿತ್ತಿದ್ದೆನೋ ಆ ನಗು ಇಷ್ಟೇ ಇತ್ತು. ಅರ್ಧ ನಿಮಿಷವೂ ಬಾಳಲಿಲ್ಲ.

ತಾಂಡೇಲ ಮಾತ್ರ ನಗಲಿಲ್ಲ. "ನಾನೇ ಬೋಟಲ್ಲಿದ್ದ ಅವರ ಚಾಪೆ ಎತ್ತಿ ದಡಕ್ಕೆ ಎಸ್ದವ" ಎಂದ. "ನಡೀರಿ, ನಾನೂ ಬತ್ತೆ. ನೀವೊಬ್ರೇ ಹೋಗಿ ಹೇಳಿದ್ರೆ ಅವ್ರು ನಂಬೂದಿಲ್ಲ."

ಇಬ್ಬರೂ ಬಸ್ಸು ಹತ್ತಿದೆವು. ಕುಮಟೆಯಲ್ಲಿ ಬಸ್ಸು ಬದಲಿಸಿ ಹಿರೇಗುತ್ತಿಗೆ ಮುಟ್ಟಿದಾಗ ಭಾವ ಜಗುಲಿಯಲ್ಲಿ ಬಲೆ ಹೊಲಿಯುತ್ತಿದ್ದರು. ಬೆಂಚಿನ ಕಾಲಿಗೆ ಚೀಲ ಕಟ್ಟಿ ಮೇಲೆ ಟವೆಲು ಮುಚ್ಚಿದ್ದರು. ತಲೆ ಎತ್ತಲಿಲ್ಲ. ತಾಂಡೇಲ ಅಂಗಳದಲ್ಲೇ ನಿಂತು, "ಅಣ್ಣಾ, ಇವ್ರು ಇಡೀ ಬಂದರದ ಎದುರು ಒಪ್ಕಂಡ್ರು. ನಮ್ಮದೂ ತಪ್ಪಾತು" ಎಂದ.

ಸೂಜಿ ನಿಲ್ಲಲಿಲ್ಲ. "ಗೊತ್ತಿತ್ತು" ಎಂದರು ಭಾವ. "ಆವತ್ತು ಮೂತಿಗೆ ಹೋದವ್ರು ಇಬ್ಬರೇ. ನಾನಲ್ಲ ಅಂತ ನಂಗೆ ಗೊತ್ತು. ಇಷ್ಟಕ್ಕೆ ಶಾಲೆ ಕಲೀಬೇಕನಾ?"

"ಮತ್ತೆ ಎಂತಕೆ ಹೇಳಲಿಲ್ಲ ಭಾವ?" ಎಂದೆ.

"ನನ್ನ ತಂಗಿ ನಿನ್ನ ಮನೇಲಿ ಇದ್ಲು."

ನಾನು ಕಾಲಿಗೆ ಬೀಳಲು ಬಗ್ಗಿದೆ. "ಬೇಡ. ಚೀಲ ತುಳೀತೀಯ" ಎಂದರು. ಆಮೇಲೆ ನನ್ನನ್ನು ಬಿಟ್ಟು ತಾಂಡೇಲನನ್ನು ಕೇಳಿದರು: "ಆ ಲೇಸರು ಹಾರ್ಟಿನ ಗುಳಿಗೆ ತಿಂಬವ್ರಿಗೂ ಆಗ್ತದಂತನಾ?" ನಾನು ಡಾಕ್ಟರು ಹೇಳಿದ್ದನ್ನು ಒಂದಕ್ಷರ ಹೆಚ್ಚಿಸದೆ ಹೇಳಿದೆ, ಒಪ್ಪಿಗೆ ಬೇಕು, ನೋಡದೆ ಭರವಸೆ ಇಲ್ಲ ಎಂಬುದನ್ನೂ ಸೇರಿಸಿ. ತಾಂಡೇಲನ ಮುಖ ನೋಡುತ್ತಲೇ ಅವರು ಎಲ್ಲ ಕೇಳಿಸಿಕೊಂಡರು.

"ತಂಗಿ ಬರ್ಲಿ. ನಾ ಹೋಗ್ತೆ. ಇವ ಬೇರೆ ಡಬ್ಬೀಲಿ ಕೂತ್ಕಳ್ಳಿ."

ರೈಲಿನ ಬೇರೆ ಡಬ್ಬಿಯಲ್ಲೇ ಕೂತು ಮಂಗಳೂರಿಗೆ ಹೋದೆ. ಅದರಲ್ಲಿ ನನಗೆ ಅವಮಾನವಿಲ್ಲ.

ಹೃದಯದ ಡಾಕ್ಟರು ಪರೀಕ್ಷೆ ಮಾಡಿ ಗುಳಿಗೆಗಳನ್ನು ಹೇಗೆ ನಡೆಸಬೇಕೆಂದು ಬರೆದುಕೊಟ್ಟರು. ಎಂಟು ದಿನ ಬಿಟ್ಟು ಲೇಸರ್ ಆಯಿತು. ರಕ್ತ ಹೆಚ್ಚು ಹೋಗಲಿಲ್ಲ. ಆದರೆ ಬಹಳ ಕಾಲ ಪೈಪಿನಲ್ಲಿದ್ದ ಮೂತ್ರಚೀಲ ತನ್ನ ಕೆಲಸ ಮರೆತಿರಬಹುದು, ಪೈಪು ತೆಗೆದ ಮೇಲೆ ತಾನಾಗಿ ಬಂದರೆ ಮಾತ್ರ ಗೆದ್ದಂತೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮೂರನೆಯ ದಿನ ಬೆಳಿಗ್ಗೆ ಪೈಪು ತೆಗೆದರು. ನರ್ಸು ನೀರು ಕುಡಿದು ಓಡಾಡಲು ಹೇಳಿದಳು. ಭಾವ ಓಡಾಡಿದರು. ಹತ್ತು ಗಂಟೆಗೆ ಬರಲಿಲ್ಲ. ಹನ್ನೊಂದಕ್ಕೂ ಇಲ್ಲ. ಬಾರದಿದ್ದರೆ ಮತ್ತೆ ಪೈಪು. ಆಗ ನನ್ನ ಮಾತು ಎರಡನೆಯ ಸಲವೂ ಅವರನ್ನು ಕೆಡಿಸಿದಂತೆ. ನಾನು ವರಾಂಡದ ಕೊನೆಯಲ್ಲಿ ನಿಂತಿದ್ದೆ. ಹತ್ತಿರ ಹೋಗಲು ನನಗೆ ಅಪ್ಪಣೆಯಿರಲಿಲ್ಲ.

ಹನ್ನೆರಡರ ಸುಮಾರಿಗೆ ಅವರು ಗೋಡೆ ಹಿಡಿದು ಸಂಡಾಸಿಗೆ ಹೋದರು. ಹೆಂಡತಿ ಬಾಗಿಲಲ್ಲಿ ನಿಂತಳು. ಬಹಳ ಹೊತ್ತಾಯಿತು. ಬಾಗಿಲು ತೆರೆಯಿತು. ಭಾವನ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಲುಂಗಿ ಬಿಗಿದು ಕಟ್ಟಿಕೊಂಡು ತಂಗಿಗೆ ಹೇಳಿದರು:

"ನಿನ್ನ ಗಂಡಂಗೆ ಹೇಳು, ಬಂತು ಅಂತ."

ಅವಳು ಹತ್ತು ಹೆಜ್ಜೆ ನಡೆದು ಬಂದು, ಕಣ್ಣೊರೆಸಿಕೊಳ್ಳುತ್ತ, "ಬಂತಂಬ್ರು" ಎಂದಳು.

"ಕೇಳ್ತು" ಎಂದೆ.

ಇವತ್ತಿಗೂ ಭಾವ ನನ್ನ ಹತ್ತಿರ ನೇರ ಮಾತಾಡುವುದಿಲ್ಲ. ನಮ್ಮ ಮನೆಗೆ ಬರುತ್ತಾರೆ, ಊಟ ಮಾಡುತ್ತಾರೆ, ಸಾರಿಗೆ ಉಪ್ಪು ಕಮ್ಮಿ ಎಂದು ನನಗೆ ಹೇಳುವುದನ್ನೂ ತಂಗಿಯ ಮೂಲಕ ಹೇಳಿಸುತ್ತಾರೆ. ನಾನೂ ಅವಳ ಮೂಲಕ ಉತ್ತರ ಕೊಡುತ್ತೇನೆ. ಕ್ಷಮೆ ಕೇಳಿಯಾಗಿದೆ. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು, ಅವಸರ ಮಾಡಲು ನನಗೆ ಹಕ್ಕಿಲ್ಲ. ಮರ್ಯಾದೆಯ ಮಾತು ಹೇಳಲು ಬಂದಿದ್ದ ಆ ಇಬ್ಬರು ಹಿರಿಯರಿಗೆ ಮಾತ್ರ ನೇರವಾಗಿಯೇ ಹೇಳುತ್ತೇನೆ: ಮರ್ಯಾದೆ ಕಾಪಾಡಿಕೊಳ್ಳಲು ಹೋಗಿ ನಾನು ಏನು ಮಾಡಿದೆ ಎಂದು ಓದಿದಿರಲ್ಲ. ಎರಡು ಸಲ ಹಿತ್ತಲಿಗೆ ಹೋದವರು ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ. ಒಬ್ಬರೇ ಹೋಗಲು ನಾಚಿಕೆಯಾದರೆ ನನ್ನನ್ನು ಕರೆಯಿರಿ, ನಾನು ಬರುತ್ತೇನೆ.